ಬಾಗಿಲ ಹೊರಗಿನ ಸಹಭಾಗಿಗಳು

ನಗರಾಡಳಿತದ ಶಾಸ್ತ್ರದಲ್ಲಿ ಕಸಕ್ಕಿರುವ ಗೌರವ ಕಸ ಆಯುವವರಿಗಿಲ್ಲ. ಇರಲು ಸಾಧ್ಯವೂ ಇಲ್ಲ. ಅಭಿವೃದ್ಧಿಶೀಲ ದೇಶಗಳ ಹಲವು ನಗರಗಳಲ್ಲಿ ಗುತ್ತಿಗೆದಾರನಿಗೆ ಹಣ ಸಲ್ಲುವುದು ಭೂಭರ್ತಿ ಘಟಕಕ್ಕೆ ಸುರಿದ ಕಸದ ತೂಕಕ್ಕೆ, ಟನ್ನಿಗಿಷ್ಟು ಎಂಬ ಲೆಕ್ಕದಲ್ಲಿ. ಹೀಗಿರುವಾಗ ನಸುಕಿನಲ್ಲೇ ಗೋಣಿಚೀಲ ಹಿಡಿದು ಬಂದು ಬಾಟಲಿ, ರಟ್ಟು, ತಗಡುಗಳನ್ನು ಹೆಕ್ಕಿ ಗುಜರಿಗೆ ಒಯ್ಯುವ ಹೆಂಗಸು ನಗರವನ್ನು ಸ್ವಚ್ಛಗೊಳಿಸುತ್ತಿಲ್ಲ, ಬಿಲ್ಲಿನ ಮೊತ್ತವನ್ನು ಕದಿಯುತ್ತಿದ್ದಾಳೆ. ಮಳೆಗಾಲದಲ್ಲಿ ಮಾತ್ರ ಆ ನಷ್ಟ ತುಂಬಿಬರುತ್ತದೆ, ಏಕೆಂದರೆ ವೇಬ್ರಿಡ್ಜಿಗೆ ನೀರು ಮತ್ತು ಕಸದ ನಡುವಿನ ಭೇದ ತಿಳಿಯದು.

ಈ ಶಾಸ್ತ್ರವನ್ನು ಪರಿಪೂರ್ಣವಾಗಿ ಆಚರಣೆಗೆ ತಂದ ಕೀರ್ತಿ ಈಜಿಪ್ಟಿನ ರಾಜಧಾನಿ ಕೈರೋಗೆ ಸಲ್ಲಬೇಕು. ಅಲ್ಲಿನ ಜಬ್ಬಾಲೀನ್ ಸಮುದಾಯದವರು 1940ರ ದಶಕದಿಂದಲೂ ಮನೆಮನೆಯ ಮೆಟ್ಟಿಲು ಹತ್ತಿ ಕಸ ತಂದು, ಕೈಯಾರೆ ಬೇರ್ಪಡಿಸಿ, ಹಸಿ ಕಸವನ್ನು ತಾವು ಸಾಕಿದ ಹಂದಿಗಳಿಗೆ ಹಾಕಿ, ಉಳಿದದ್ದನ್ನು ಮಾರಿ ಬದುಕುತ್ತಿದ್ದರು. ಸಂಗ್ರಹಿಸಿದ್ದರಲ್ಲಿ ಶೇ 80ರಷ್ಟು ಮರುಬಳಕೆಗೆ ಸಲ್ಲುತ್ತಿತ್ತೆಂಬುದು ಸಾಮಾನ್ಯವಾಗಿ ಉಲ್ಲೇಖವಾಗುವ ಅಂದಾಜು. ಕತ್ತೆಗಾಡಿಯವರು ಇಷ್ಟನ್ನು ಸಾಧಿಸುವುದು ಆಧುನಿಕ ರಾಜಧಾನಿಗೆ ಶೋಭಿಸುವುದಿಲ್ಲವಾದ್ದರಿಂದ, 2003ರ ಸುಮಾರಿಗೆ ಸ್ಪೇನ್ ಮತ್ತು ಇಟಲಿಯ ಕಂಪನಿಗಳಿಗೆ 15 ವರ್ಷಗಳ ಗುತ್ತಿಗೆ ಕೊಡಲಾಯಿತು. ಅವು ಮರುಬಳಸಬೇಕಾಗಿದ್ದದ್ದು ಶೇ 20ರಷ್ಟನ್ನು ಮಾತ್ರ. ಮಿಕ್ಕದ್ದನ್ನು ನಿಶ್ಚಿಂತೆಯಿಂದ ಹೂಳಬಹುದಿತ್ತು. ಕಂಪನಿಯ ಲಾರಿಗಳು ಇಕ್ಕಟ್ಟಾದ ಓಣಿಗಳೊಳಗೆ ಹೋಗಲಾರದೆ ಬೀದಿಬದಿಯಲ್ಲಿ ತೊಟ್ಟಿಗಳು ಬಂದು ಕುಳಿತವು, ಶುಲ್ಕವು ವಿದ್ಯುತ್ ಬಿಲ್ಲಿನೊಳಗೆ ಸೇರಿಕೊಂಡಿತು, ಬಾಗಿಲಿಗೇ ಬಂದು ಕಸ ಒಯ್ಯಲಿ ಎನ್ನುವವರು ಜಬ್ಬಾಲೀನರಿಗೆ ಬೇರೆಯಾಗಿ ಹಣ ಕೊಟ್ಟು ಒಂದೇ ಕಸಕ್ಕೆ ಎರಡು ಬಾರಿ ತೆತ್ತರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಸಾಧಾರಣ ಆಡಳಿತವಾಗುತ್ತಿತ್ತು. 2009ರಲ್ಲಿ ಹಂದಿಜ್ವರದ ಸುದ್ದಿ ಹಬ್ಬಿದಾಗ, ದೇಶದಲ್ಲಿ ಒಂದೇ ಒಂದು ಪ್ರಕರಣವೂ ದೃಢಪಡುವ ಮೊದಲೇ ಸರ್ಕಾರವು ಸುಮಾರು 3 ಲಕ್ಷ ಹಂದಿಗಳ ವಧೆಗೆ ಆದೇಶಿಸಿತು. ರಜೆ, ಬಡ್ತಿ, ಭತ್ಯೆ ಯಾವುದನ್ನೂ ಕೇಳದೆ ನಗರದ ಹಸಿ ಕಸವನ್ನು ಪ್ರತಿದಿನ ವಿಲೇವಾರಿ ಮಾಡುತ್ತಿದ್ದ ಏಕೈಕ ದಕ್ಷ ಇಲಾಖೆಯನ್ನು ಹೀಗೆ ಬರಖಾಸ್ತುಗೊಳಿಸಿದ ಕೆಲವೇ ತಿಂಗಳಲ್ಲಿ ಕೈರೋದ ಬೀದಿಗಳಲ್ಲಿ ಕೊಳೆತ ಆಹಾರದ ರಾಶಿಗಳೆದ್ದವು.

ಹೂಳುವುದು ಬೇಡವೆಂದರೆ ಸುಡುವ ದಾರಿಯೂ ಇದೆ. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಡೆನ್ಮಾರ್ಕಿನ ತಂತ್ರಜ್ಞಾನ ತರಿಸಿ ಕಟ್ಟಿದ ದಹನ ಘಟಕವು ಕೆಲವೇ ದಿನ ಓಡಿ ನಿಂತಿತು. ಬಡ ದೇಶಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಯೇ ಇರುವುದರಿಂದ ಅದು ಉರಿಯುವುದಿಲ್ಲ; ಉರಿಯಬಲ್ಲ ಕಾಗದ, ಪ್ಲಾಸ್ಟಿಕ್ಕನ್ನು ಆಯುವವರು ಮೊದಲೇ ಒಯ್ದಿರುತ್ತಾರೆ. ತಪ್ಪು ಮತ್ತೆ ಅವರದೇ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲವಷ್ಟೆ.

ಎಲ್ಲ ದಾರಿಗಳೂ ಮುಗಿದ ಮೇಲೆ ಆಡಳಿತಕ್ಕೆ ಸಮುದಾಯ ಸಹಭಾಗಿತ್ವದ ಜ್ಞಾನೋದಯವಾಗುತ್ತದೆ. ಪ್ಲಾಸ್ಟಿಕ್ಕನ್ನು ಬೆರಳಲ್ಲಿ ಹಿಸುಕಿ, ಅದರ ಸದ್ದಿನಿಂದಲೇ ಯಾವ ಬಗೆಯದೆಂದು ಹೇಳಬಲ್ಲ ಹೆಂಗಸನ್ನು ಕಾರ್ಯಾಗಾರದಲ್ಲಿ ಕೂರಿಸಿ, ಹಸಿರು ಬುಟ್ಟಿಗೂ ನೀಲಿ ಬುಟ್ಟಿಗೂ ಇರುವ ವ್ಯತ್ಯಾಸವನ್ನು ಕಲಿಸಿ ಪ್ರಮಾಣಪತ್ರ ಕೊಡಲಾಗುತ್ತದೆ. ಎರಡನ್ನೂ ಒಂದೇ ಚೀಲಕ್ಕೆ ಸುರಿದು ಬಾಗಿಲ ಹೊರಗಿಟ್ಟ ಮಹನೀಯರಿಗೆ ತರಬೇತಿಯಿಲ್ಲ, ಅವರು ತೆರಿಗೆದಾರರು. ಅಪ್ಪಿತಪ್ಪಿ ಯಾರಾದರೂ ಬೇರ್ಪಡಿಸಿಟ್ಟರೂ ಎರಡು ಬುಟ್ಟಿಗಳೂ ಒಂದೇ ಲಾರಿಯಲ್ಲಿ ಪುನರ್ಮಿಲನಗೊಳ್ಳುತ್ತವೆ.

ಕೊಲಂಬಿಯಾದಲ್ಲಿ ಮಾತ್ರ ಈ ಶಾಸ್ತ್ರಕ್ಕೆ ಚ್ಯುತಿ ಬಂದಿದೆ. ಬೊಗೋಟಾ ನಗರದ ಕಸದ ಟೆಂಡರಿನಿಂದ ಆಯುವವರನ್ನು ಹೊರಗಿಟ್ಟದ್ದು ಸರಿಯಲ್ಲವೆಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯವು 2003ರಲ್ಲಿ ಹೇಳಿ, ಯಾರೂ ಕಿವಿಗೆ ಹಾಕಿಕೊಳ್ಳದ್ದರಿಂದ 2011ರಲ್ಲಿ ಮತ್ತೊಮ್ಮೆ ಗದರಿಸಿತು. 2013ರಿಂದ ನಗರವು ಅವರು ಹೆಕ್ಕಿ ತಂದ ವಸ್ತುವಿನ ತೂಕಕ್ಕೂ ಹಣ ಕೊಡತೊಡಗಿತು. ಇಂಥ ಅಪಾಯಕಾರಿ ಮಾದರಿಯನ್ನು ಕಣ್ಣಾರೆ ಕಂಡು ಬರದೆ ಯಾವ ನಗರವೂ ತೀರ್ಮಾನಕ್ಕೆ ಬರಬಾರದು. ಅಧ್ಯಯನ ಪ್ರವಾಸದ ತಂಡದಲ್ಲಿ ಆಯುಕ್ತರು, ಸಮಿತಿಯ ಸದಸ್ಯರು, ಗುತ್ತಿಗೆದಾರರ ಪ್ರತಿನಿಧಿ ಇರತಕ್ಕದ್ದು. ಕಸ ಆಯುವವರಲ್ಲಿ ಪಾಸ್‌ಪೋರ್ಟ್ ಇಲ್ಲದ ಕಾರಣ, ತಂಡ ಹಿಂದಿರುಗಿ ವರದಿ ಮುದ್ರಣವಾದ ನಂತರ ಅವರ ಅಭಿಪ್ರಾಯವನ್ನು ಪಡೆಯಲಾಗುವುದು.