ಬೆಕ್ಕಿನ ಕಕ್ಕಸಕ್ಕ ವೈಫೈ

ಅಲ್ರೀ, ಯಾರ್ ಅಂದಾರ ನಮ್ಮ ಊರು ಸ್ಮಾರ್ಟ್ ಆಗಿಲ್ಲ ಅಂತ? 2016ರಾಗ ಹುಬ್ಬಳ್ಳಿ-ಧಾರವಾಡದ ಹೆಸರು ಸ್ಮಾರ್ಟ್ ಸಿಟಿ ಪಟ್ಟಿ ಸೇರಿದಾಗಿಂದ ಕಣ್ಣಾಗ ಎಣ್ಣಿ ಬಿಟ್ಕೊಂಡು ಕಾದಿದ್ದು ಸಾರ್ಥಕ ಆತು. ನಮ್ಮ ಸಪ್ತಾಪುರದ ಮನ್ಯಾಗ ಬೆಕ್ಕಿನ ಕಕ್ಕಸಕ್ಕ ವೈಫೈ ಬಂದೈತಿ. ಮಂದಿ ಕಕ್ಕಸದ ಸುದ್ದಿ ಸದ್ಯಕ್ಕ ಬ್ಯಾಡ, ಸುಭಾಸ ರೋಡಿಗೆ ಅರಿವಿ ತಗೊಳ್ಳಾಕ ಹಳ್ಳಿಯಿಂದ ಬಂದ ಹೆಣ್ಣಮಕ್ಕಳು ಮುಂಜಾನಿಂದ ಸಂಜಿ ಮಟ ನೀರ ಕುಡೀದ ಹೆಂಗ ತಡ್ಕೊಂಡಿರ್ತಾರ ಅನ್ನೋದು ನಿಮಗೂ ಗೊತ್ತು ನನಗೂ ಗೊತ್ತು, ಅವರ ಹತ್ರ ಆ್ಯಪ್ ಇಲ್ಲ ಅಷ್ಟ.

ತನ್ನಷ್ಟಕ್ಕ ತಾನ ಸ್ವಚ್ಛ ಮಾಡ್ಕೊಳ್ಳೋ ಮಷಿನ್ ಡಬ್ಬಿ ಅದು, ಬೆಂಗಳೂರಾಗಿರೋ ತಮ್ಮನ ಮಗ ಕಳಿಸಿದ್ದು. ಮನ್ಯಾಗ ನಾಕ ಬೆಕ್ಕು, ಕಾಕು ಪಾಪ ಬಗ್ಗಿ ಬಗ್ಗಿ ಬಳೀತಾಳ ಅಂತ ಮರುಗಿ ನಲವತ್ತು ಸಾವಿರದ ಮ್ಯಾಲ ಸುರುವ್ಯಾನ. ನೋಡಾಕ ಸಣ್ಣ ಸಿಮೆಂಟ್ ಮಿಕ್ಸರ್ ಇದ್ದಂಗ ಐತಿ. ಬೆಕ್ಕು ಒಳಗ ಹೋದ್ರ ತೂಕದ ಸೆನ್ಸರ್ ಹಿಡೀತೈತಿ, ಹೊರಗ ಬಂದ ಮ್ಯಾಲ ಉಚ್ಚಿ ಬಿದ್ದ ಮಣ್ಣು ಉಂಡಿ ಕಟ್ಟಲಿ ಅಂತ ಒಂದಿಷ್ಟು ನಿಮಿಷ ಕಾಯ್ತೈತಿ, ಆಮ್ಯಾಲ ಗುರ್ ಅಂತ ಡ್ರಮ್ ತಿರಗ್ತೈತಿ, ಮಣ್ಣು ಜರಡಿಯಿಂದ ವಾಪಸ್ ಇಳದು ಉಂಡಿ ಮಾತ್ರ ಕೆಳಗಿನ ಡ್ರಾಯರಿಗೆ ಬೀಳ್ತೈತಿ. ಬೆಕ್ಕುಗಳು ನಾಕೂ ಸಾಲಾಗಿ ಕುಂತು ಇದನ್ನ ನೋಡ್ತಾವು, ಡ್ರಮ್ ಯಾವ ಕಡೆ ಹೊಳ್ಳತೈತೋ ಆ ಕಡೆ ನಾಕೂ ಗೋಣು.

ಮಣ್ಣಿನ ಕಥಿ ಹೇಳಬೇಕು ನಿಮಗ. 1947ರಾಗ ನಮಗ ಸ್ವಾತಂತ್ರ್ಯ ಬಂತು, ಅದ ವರ್ಷ ಅಮೆರಿಕಾದ ಮಿಷಿಗನ್ನಿನ ಎಡ್ ಲೋ ಅನ್ನವ ಆಜೂಬಾಜೂದಾಕಿ ಬೆಕ್ಕಿಗೆ ಒಂದ ಚೀಲ ಒಣಾ ಮಣ್ಣು ಕೊಟ್ಟ, ಹಂಗ ಮಣ್ಣು ಮಾರಿ ಮಾರಿನ ಕೋಟ್ಯಧೀಶ ಆದ. ಈಗ ಬರೋದು ಬೆಂಟೊನೈಟ್ ಮಣ್ಣು, ನಮ್ಮ ದೇಶದಾಗ ಗುಜರಾತಿನ ಕಛ್ ಕಡೆ ಅಗೀತಾರ, ಕಿಲೋಕ್ಕ ಜೋಳಕ್ಕಿಂತ ತುಟ್ಟಿ. ಅದರಾಗಿನ ಮುಖ್ಯ ಮಾಲು ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ, ನೀರು ಕುಡದು ಉಬ್ಬೋದು ಅದರ ಗುಣ. ನಮ್ಮ ನವಲಗುಂದ, ನರಗುಂದದ ಎರಿ ಮಣ್ಣಿನ್ಯಾಗೂ ಇರೋದು ಅದ ಜಾತಿ ಜೇಡಿನ, ಮಳಿ ಬಿದ್ದಾಗ ಹೊಲಕ್ಕ ಇಳದು ನೋಡ್ರಿ, ಕಾಲಿಗೆ ಎರಡೆರಡು ಕಿಲೋ ಹತ್ತಿಕೊಂಡು ಬರ್ತೈತಿ. ಆ ಮಣ್ಣಾಗ ಕಡ್ಲಿ ಬೆಳದು ರೇಟಿಲ್ಲ ಅಂತ ರಸ್ತೆಕ್ಕ ಕುಂತಾರ ನಮ್ಮ ರೈತರು, ಕಡ್ಲಿ ಯಾಕ ಬೆಳೀತೀರಿ, ಮಣ್ಣಿಗೆ ಮಲ್ಲಿಗಿ ವಾಸನಿ ಹಚ್ಚಿ ಪ್ಯಾಕೆಟ್ ಮಾಡ್ರಿ ಅಂತ ಯಾರಾದ್ರೂ ಸಾಹೇಬ್ರು ಬಂದು ಒಂದ ವರ್ಕ್‌ಶಾಪ್ ಇಡಬಾರದ?

ಮತ್ತ ಆ ಆ್ಯಪು, ಡಬ್ಬಿ ವೈಫೈ ಮ್ಯಾಲ ಮೊಬೈಲಿಗೆ ಸುದ್ದಿ ಕಳಸೋದು. ನಮ್ಮ ಎರಡು ಕೆಂಚ ಬೆಕ್ಕು ಅಣ್ಣತಮ್ಮ, ತೂಕಾನೂ ಸರಿಸಮ, ಮಷಿನ್ನಿಗೆ ಇಬ್ಬರೂ ಒಬ್ಬನ. ಹಿಂಗಾಗಿ ಒಂದ ಬೆಕ್ಕು ಪದೇ ಪದೇ ಹೋಗಿ ಬರಾಕತ್ತೈತಿ, ಮೂತ್ರದ ತ್ರಾಸ ಇರಬಹುದು, ಡಾಕ್ಟರಿಗೆ ತೋರಸ್ರಿ ಅಂತ ರಾತ್ರಿ ಎರಡಕ್ಕ ಮೆಸೇಜು. ಆ ಮೆಸೇಜ್ ಬಂದಾಗ ನಾನೂ ಅದ ಕೆಲಸಕ್ಕ ಎದ್ದಿರ್ತೀನಿ, ನನ್ನ ಲೆಕ್ಕ ಯಾರೂ ಇಟ್ಟಿಲ್ಲ. ಮರಿ ಇದ್ರ ಡ್ರಮ್ ತಾನಾಗೇ ತಿರಗೋದನ್ನ ಬಂದ್ ಮಾಡ್ರಿ, ಅಷ್ಟ ಹಗರ ಇದ್ದದ್ದು ಸೆನ್ಸರಿಗೆ ಗೊತ್ತಾಗಂಗಿಲ್ಲ ಅಂತಾನೂ ಪುಸ್ತಕದಾಗ ಬರದಾರ. ತೂಕ ಇಲ್ಲದವರು ಲೆಕ್ಕಕ್ಕ ಬರಂಗಿಲ್ಲ, ಅದನ್ನ ತಿಳ್ಕೊಳ್ಳಾಕ ನಾವೇನ್ ಪುಸ್ತಕ ಓದಬೇಕಿಲ್ಲ ಬಿಡ್ರಿ, ಯಾವುದರ ಆಫೀಸಿಗೆ ಅರ್ಜಿ ಹಿಡ್ಕೊಂಡು ಹೋದ್ರ ಸಾಕು.

ಡ್ರಾಯರಿನ ಉಂಡಿ ಏನ್ ಮಾಡೋದು? ಸಂಡಾಸಿಗೆ ಹಾಕಿ ನೀರ ಸುರುವಿದ್ರಾತು ಅಂದ್ಲು ನಮ್ಮಾಕಿ. ನಳ ಬರೋದು ವಾರಕ್ಕೊಮ್ಮೆ, ಆ ನೀರು ಬೆಕ್ಕಿನ ಹೇಲಿಗೆ ಸುರುವೋದು ಒಂದ ಕಡೆ ಇರ್ಲಿ, ಬೆಂಟೊನೈಟ್ ಪೈಪಿನ್ಯಾಗ ಉಬ್ಬಿ ಕುಂತ್ರ ಚೇಂಬರ್ ಜಾಮ್. ಚೇಂಬರ್ ಜಾಮ್ ಆದ್ರ ಏನ್ ಮಾಡ್ತೀವಿ ನಾವು? ಯಾರನ್ನ ಕರೀತೀವಿ?

ಹೇಲು ಕೈಲೆ ಬಳ್ಯಾಕ ಮಂದೀನ ಕರೀಬಾರದು ಅಂತ 1993ರಾಗ ಒಂದ ಕಾನೂನು ಆತು. ಅದು ಸಾಲಲಿಲ್ಲ ಅಂತ, ಗಟಾರಕ್ಕ ಮಂದೀನ ಇಳಸೋದನ್ನೂ ಸೇರಿಸಿ 2013ರಾಗ ಇನ್ನೊಂದು. 2023ರಾಗ ಸುಪ್ರೀಂ ಕೋರ್ಟು, ಗಟಾರದಾಗ ಇಳದು ಸತ್ತವರ ಮನಿಗೆ ಕೊಡೋ ಪರಿಹಾರ 10 ಲಕ್ಷದಿಂದ 30 ಲಕ್ಷಕ್ಕ ಏರಿಸಿ ಅಂತು. ಸಾಯೋದು ನಿಂತಿದ್ರ ರೇಟ್ ಯಾಕ ಏರಸ್ತಿದ್ರು? ಈ ಬೆಕ್ಕಿನ ಡಬ್ಬಿ ಐತಲ್ಲ, ತಿರಗೋವಾಗ ಒಂದ ಬೆಕ್ಕು ಬರೇ ಮುಂಗಾಲು ಇಟ್ರ ಸಾಕು, ಠಪ್ ಅಂತ ನಿಲ್ತೈತಿ. ಒಳಗ ಜೀವ ಐತಿ ಅಂತ ಅದಕ್ಕ ತಿಳೀತೈತಿ. ಅಷ್ಟು ಬುದ್ಧಿ ಬೆಕ್ಕಿನ ಸಲುವಾಗಿ ಖರ್ಚು ಮಾಡ್ಯಾರ, ಚಲೋ ಮಾಡ್ಯಾರ, ಆದ್ರ ಮನಷ್ಯಾನ ಸಲುವಾಗಿ ಒಂದ ಹಗ್ಗ, ಒಂದ ಬಕೇಟು, ವಾಸನಿ ತಡ್ಕೊಳ್ಳಾಕ ಒಂದ ಕ್ವಾರ್ಟರ್ ಸೆರೆ. ಸಾಕಾಗೇತ್ರೀ.

ಹಿಂಗಾಗಿ ಚೀಲ ಕಟ್ಟಿ ಗಾಡಿಗೆ ಕೊಡೋದು. ಹಾಡ ಹಚ್ಕೊಂಡ ಕಸದ ಗಾಡಿ ಬಂತು, ಇದು ಹಸಿ ಕಸ ಏನೋ ಒಣ ಕಸ ಏನೋ ನನಗೂ ತಿಳೀಲಿಲ್ಲ, ಗಾಡಿಯಾಕಿಗೂ ತಿಳೀಲಿಲ್ಲ. ಚೀಲ ಬಿಚ್ಚಿ ಕೈ ಹಾಕಿದ್ಲು. ಗ್ಲೌಸ್ ಎಲ್ಲೈತವ್ವಾ ಅಂದ್ರ "ಕೊಟ್ಟಿದ್ರು ಯಜಮಾನ್ರ, ಹರದು ಹೋದ್ವು, ಹೊಸಾವು ಬಂದಿಲ್ಲ" ಅಂದ್ಲು. ಎರಡು ಉಂಡಿ ಒಡದು ನೋಡಿ ಸುಮ್ನ ಹಸಿ ಕಸದ ಕಡೆ ಒಗದ್ಲು. ಕಛ್ ಮಣ್ಣು ಹೊಸಯಲ್ಲಾಪುರದ ಕಸದ ಗುಡ್ಡಕ್ಕ ಹೊಂಟತು, ಅಲ್ಲಿ ಕೊಳಿಯಂಗೂ ಇಲ್ಲ ಕರಗಂಗೂ ಇಲ್ಲ.

ರವಿವಾರ ತಮ್ಮನ ಮಗ ಫೋನ್ ಮಾಡಿದ್ದ. "ಕಾಕಾ, ಡ್ರಾಯರ್ ಫುಲ್ ಆಗೈತಿ ಅಂತ ನನ್ನ ಮೊಬೈಲಿಗೆ ಬರಾಕತ್ತೈತಿ ನೋಡ್ರಿ."

"ನೀನ ಬಂದ ಒಗದ ಹೋಗಪಾ" ಅಂದು ಇಟ್ಟೆ.