51 ತಿಂಗಳ ಕೂಸು

ಬೆಳಿಗ್ಗೆ ಹಾಸಿಗೆಯಿಂದ ಇಳಿದು ಬಲಗಾಲು ಊರಿದರೆ ಸಾಕು, ಹಿಮ್ಮಡಿಯಲ್ಲಿ ಮುಳ್ಳು ಮುರಿದಂತಾಗುತ್ತಿತ್ತು. ಹತ್ತಿಪ್ಪತ್ತು ಹೆಜ್ಜೆ ಕುಂಟಿದರೆ ನೋವು ಮಾಯ. ಹಾಗಾಗಿ ಮನೆಯಲ್ಲಿ ಯಾರೂ ನಂಬಲಿಲ್ಲ. "ಕಸದ ಗಾಡಿ ಬಂದಾಗಷ್ಟೇ ಕುಂಟ್ತೀರಿ ನೋಡ್ರಿ" ಎಂದಳು ಹೆಂಡತಿ.

ಓಣಿಯವರು ನಂಬಿದರು. ಕಲಬುರಗಿಯವರಿಗೆ ರೋಗ ಬಂದರೆ ಡಾಕ್ಟರಿಗಿಂತ ಮೊದಲು ರೈಲು ನೆನಪಾಗುತ್ತದೆ. "ಸೊಲ್ಲಾಪುರಕ್ಕ ಹೋಗಿಬಿಡ್ರಿ" ಎಂದರು ಎದುರುಮನೆ ಕಾಕಾ. ಕಾಕು ಹೈದರಾಬಾದೇ ಚಲೋ ಅಂದರು. ಅಲ್ಲಿ ಗುಣವಾಗಿ ಬಂದ ತಮ್ಮ ಅಣ್ಣನ ಕಥೆ ಹೇಳಿದರು. ಅವರಿಗಿದ್ದದ್ದು ಕಿಡ್ನಿಯಲ್ಲಿ ಹರಳು. ಸೇಡಂ ರಸ್ತೆಯಲ್ಲೇ ಜಿಮ್ಸ್, ಇಎಸ್‌ಐ ಅಂತ ದೊಡ್ಡ ದೊಡ್ಡ ದವಾಖಾನೆ ಇರುವಾಗ ಹಿಮ್ಮಡಿಗಾಗಿ ರಾಜ್ಯ ದಾಟುವುದೇ? ನನ್ನ ಸ್ವಾಭಿಮಾನ ಒಪ್ಪಲಿಲ್ಲ. ಸ್ಟೇಷನ್ನಿನ ಮೆಟ್ಟಿಲು ನೆನೆದು ಹಿಮ್ಮಡಿಯೂ ಒಪ್ಪಲಿಲ್ಲ.

ಆದರೆ ಇಲ್ಲಿ ನಂಬರ್ ಹಚ್ಚಬೇಕೆಂದರೆ ಬೆಳಿಗ್ಗೆ 6ಕ್ಕೇ ಹೋಗಿ ಹೆಸರು ಬರೆಸಬೇಕು. ಇಲ್ಲವೇ ಕಂಪೌಂಡರ್ ಪರಿಚಯ ಇರಬೇಕು. ಎರಡೂ ಆಗದ ನಾನು ಅಳಿಯನಿಂದ ಮೊಬೈಲಿಗೆ ಒಂದು ಆಪ್ ಹಾಕಿಸಿಕೊಂಡೆ.

ಯಾವ ತಜ್ಞರು ಬೇಕು ಎಂದು ಆಪ್ ಕೇಳಿತು. ಉದ್ದದ ಪಟ್ಟಿ, ಎಲ್ಲ ಇಂಗ್ಲಿಷ್ ಹೆಸರು. ಅದರಲ್ಲಿ 'ಪೀಡಿಯಾಟ್ರಿಷಿಯನ್' ಕಣ್ಣಿಗೆ ಬಿತ್ತು. ಸೈಕಲ್ಲಿನ ಪೆಡಲ್ ತುಳಿಯುವುದು ಕಾಲಿನಿಂದ. ಮಗಳು ಪೆಡಿಕ್ಯೂರ್ ಮಾಡಿಸಿಕೊಳ್ಳುವುದು ಕಾಲಿಗೆ. ಅಂದಮೇಲೆ ಇವರು ಕಾಲಿನ ಡಾಕ್ಟರೇ, ಅಲ್ವಾ? ಒತ್ತಿಬಿಟ್ಟೆ. ವಯಸ್ಸು 51 ಎಂದು ತುಂಬಿದೆ. ಪಕ್ಕದಲ್ಲಿ ವರ್ಷವೋ ತಿಂಗಳೋ ಎಂಬ ಸಣ್ಣ ಗುಂಡಿ ಇತ್ತಂತೆ. ಕನ್ನಡಕ ಅಡುಗೆಮನೆಯಲ್ಲಿತ್ತು.

ಕ್ಲಿನಿಕ್ಕಿನ ಗೋಡೆ ಮೇಲೆ ಆನೆ, ಜಿರಾಫೆ. ಡಾಕ್ಟರು ರಸಿಕರು ಅಂದುಕೊಂಡೆ. ಸುತ್ತ ತಾಯಂದಿರು, ಅವರ ಮಡಿಲಲ್ಲಿ ಅಳುವ ಮಕ್ಕಳು. ಪಾಪ, ಇಷ್ಟು ಸಣ್ಣ ವಯಸ್ಸಿಗೇ ಕಾಲುನೋವು! ಪಕ್ಕದ ಅಜ್ಜಿ ಕೇಳಿದರು, "ನಿಮ್ಮ ಕೂಸಿಗಿ ಏನಾಗ್ಯಾದ್ರಿ?"

"ಕೂಸಿಗಲ್ಲವ್ವ, ನನಗೇ. ಹಿಮ್ಮಡಿ."

ಅಜ್ಜಿ ನನ್ನ ಖಾಲಿ ತೊಡೆ ನೋಡಿದರು. ಮೊಮ್ಮಗನನ್ನು ಎತ್ತಿಕೊಂಡು ಆಚೆ ಸರಿದು ಕುಳಿತರು. ಅಷ್ಟರಲ್ಲಿ ನರ್ಸ್ ಕೂಗಿದರು: "ಐವತ್ತೊಂದು ತಿಂಗಳ ಕೂಸು ಯಾರದ್ರೀ? ತೂಕ ಮಾಡಬೇಕು, ಕರ್ಕೊಂಡು ಬರ್ರಿ!"

ನಾನು ಎದ್ದು ನಿಂತೆ.

ಡಾಕ್ಟರ್ ಮೇಡಂ ನಕ್ಕು ಮುಗಿಸಲು ಸ್ವಲ್ಪ ಹೊತ್ತು ಬೇಕಾಯಿತು. "ನಿಮ್ಮ ಪೆಡಲ್ ಲ್ಯಾಟಿನ್ನಿಂದ ಬಂದದ್ದು, ಅಲ್ಲಿ ಅದು ಕಾಲು. ನಮ್ಮದು ಗ್ರೀಕ್ ಮೂಲ, ಅಂದ್ರ ಮಗು" ಎಂದರು. ಹಾಗಾದರೆ ಆರ್ಥೋಪೀಡಿಕ್? ಅದೂ ಮಗುವೇ ಅಂತೆ! 1741ರಲ್ಲಿ ಫ್ರಾನ್ಸಿನ ನಿಕೊಲಾ ಆಂದ್ರಿ ಎಂಬ ಡಾಕ್ಟರು ಮಕ್ಕಳ ಮೈ ನೆಟ್ಟಗೆ ಮಾಡುವ ವಿದ್ಯೆಗೆ ಕಟ್ಟಿದ ಹೆಸರು, ಆಮೇಲೆ ದೊಡ್ಡವರ ಮೂಳೆಗೂ ಅಂಟಿಕೊಂಡಿತು. "ಅಂದಮೇಲೆ ನಾನು ಇಲ್ಲಿಗೆ ಬಂದದ್ದು ಪೂರ್ತಿ ತಪ್ಪೇನಲ್ಲ" ಎಂದೆ. ಅವರು ಒಪ್ಪಲಿಲ್ಲ.

ಆದರೂ ಕೇಳಿದರು, "ಮನ್ಯಾಗ ನೆಲ ಯಾವುದು?"

"ಶಹಾಬಾದ್ ಪರಸಿ."

"ಬರಿಗಾಲಲ್ಲೇ ಓಡಾಡ್ತೀರೇನು?"

ಮನೆಯೊಳಗೆ ಚಪ್ಪಲಿ ಯಾರು ಹಾಕುತ್ತಾರೆ! ಪಾದದಡಿಯ ನಾರಿನಂಥ ಪಟ್ಟಿ ನೊಂದಿರಬಹುದು, ಗಟ್ಟಿ ನೆಲದ ಮೇಲೆ ಬರಿಗಾಲು ಬೇಡ ಅಂದರು. ಮೆತ್ತನೆ ಚಪ್ಪಲಿ ಹಾಕಿಕೊಳ್ಳಿ, ಮೀನಖಂಡ ಎಳೆಯುವ ವ್ಯಾಯಾಮ ಮಾಡಿ, ಫ್ರಿಜ್ಜಿನ ತಣ್ಣನೆ ಬಾಟಲಿ ಪಾದದಡಿ ಉರುಳಿಸಿ. ಹೋಗದಿದ್ದರೆ ಮೂಳೆ ಡಾಕ್ಟರು. "ನಿಮ್ಮ ಓಣಿ ಎಂಬಿಬಿಎಸ್ ಡಾಕ್ಟರೂ ಇದನ್ನೇ ಹೇಳ್ತಿದ್ರು" ಎಂದು ಸೇರಿಸಿದರು. ಫೀಸ್ ಮಾತ್ರ ತಗೊಳ್ಳಲಿಲ್ಲ.

ಮನೆಗೆ ಬಂದಾಗ ಹೆಂಡತಿ ನನ್ನ ಅಂಗಿಯ ಕಿಸೆಯನ್ನೇ ನೋಡುತ್ತಿದ್ದಳು.

"ಸೂಜಿ ಮಾಡಿದರೇನ್ರಿ?"

"ಇಲ್ಲ."

"ಮತ್ತ ಚಾಕಲೇಟ್ ಯಾಕ ಕೊಟ್ಟಾರ?"

"ತೂಕ ಮಾಡುವಾಗ ಅಳಲಿಲ್ಲ, ಅದಕ್ಕೆ."