ಮಂಚ ಸೇಫು, ಖಾತೆ ಜಪ್ತಿ

ಸಾಲ ಮಾಡಿದವರ ಮೇಲೆ ನಮ್ಮ ಕಾನೂನಿಗೆ ಎಷ್ಟು ಕರುಣೆ ಇದೆ ಅಂತ ತಿಳಿಯಬೇಕಾದರೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಓದಬೇಕು. ಸಾಲ ತೀರಿಸು ಅಂತ ಕೋರ್ಟಿನ ಡಿಕ್ರಿ ಆದರೂ ಸಾಲ ಕೊಟ್ಟವನು ಏನೇನು ಮುಟ್ಟುವಂತಿಲ್ಲ ಅಂತ ಅಲ್ಲಿ ಪಟ್ಟಿ ಇದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಮಂಚ, ಹಾಸಿಗೆ. ರೈತನ ಎತ್ತು, ಬಿತ್ತನೆ ಬೀಜ. ಲೆಕ್ಕದ ಪುಸ್ತಕವನ್ನೂ ಜಪ್ತಿ ಮಾಡುವಂತಿಲ್ಲ. ಅಂದರೆ ಬಾಕಿ ಎಷ್ಟು ಅಂತ ಬರೆದಿಟ್ಟ ಪುಸ್ತಕಕ್ಕೆ ಪೂರ್ತಿ ರಕ್ಷಣೆ. ಇನ್ನೂ ಮಜಾ ಕೇಳಿ, ಮುಂದೆಂದೋ ಸಿಕ್ಕರೂ ಸಿಗಬಹುದಾದ ಆಸ್ತಿಯ ಮೇಲಿನ ಆಸೆಗೂ ರಕ್ಷಣೆ ಇದೆ!

ಪಿಎಫ್ ಇದೆ, ಜೀವವಿಮೆ ಇದೆ. ಸಾಮಾನ್ಯ ಉಳಿತಾಯ ಖಾತೆಯನ್ನು ಮಾತ್ರ ಸುಮ್ನೆ ಹುಡುಕಬೇಡಿ.

ನೀವು ಖಾತೆಯಲ್ಲಿಟ್ಟ ದುಡ್ಡು ಬ್ಯಾಂಕು ನಿಮಗೆ ಕೊಡಬೇಕಾದ ಬಾಕಿ. ಆದ್ದರಿಂದ ನಿಮಗೆ ಸಾಲ ಕೊಟ್ಟವನು ಕೋರ್ಟಿನ ಮೂಲಕ ಬ್ಯಾಂಕಿಗೆ ಗಾರ್ನಿಷಿ ನೋಟಿಸ್ ಕಳಿಸಬಹುದು: ‘ಅವನಿಗೆ ಕೊಡಬೇಕಾದ್ದನ್ನು ಇಲ್ಲಿ ಕಟ್ಟು’. ನಾವು ಹೋದಾಗ ಸಹಿ ಹೊಂದುತ್ತಿಲ್ಲ, ಸರ್ವರ್ ಡೌನ್ ಅನ್ನುವ ಬ್ಯಾಂಕಿಗೆ ಆಗ ಎಲ್ಲಿಲ್ಲದ ಚುರುಕು ಬರುತ್ತದೆ. ಸಾಲ ಕೊಟ್ಟದ್ದು ಅದೇ ಬ್ಯಾಂಕಾದರೆ ಇಷ್ಟು ಶ್ರಮವೂ ಬೇಡ. ನಿಮ್ಮ ಠೇವಣಿಯನ್ನು ತನ್ನ ಬಾಕಿಗೆ ತಾನೇ ವಜಾ ಮಾಡಿಕೊಳ್ಳುತ್ತದೆ.

ಸಂಬಳಕ್ಕೆ ರಕ್ಷಣೆ ಇಲ್ವಾ? ಇದೆ ಸ್ವಾಮಿ. ಮೊದಲ 1000 ರೂಪಾಯಿ, ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಮುಟ್ಟುವಂತಿಲ್ಲ. ಸಂಬಳ 25,000 ಇದ್ದರೆ 8,000 ಜಪ್ತಿಗೆ ಸಿಗುತ್ತದೆ. ಆ ಸಾವಿರ ಮೊದಲು 400 ಇತ್ತು. 2002ರಲ್ಲಿ ಕೈ ಧಾರಾಳ ಮಾಡಿ 1000ಕ್ಕೆ ಏರಿಸಿದರು. ಆಮೇಲೂ ಬೆಲೆ ಏರುತ್ತಲೇ ಇದೆ ಅನ್ನುವ ಸುದ್ದಿಯನ್ನು ಆ ಕಲಮಿಗೆ ಯಾರೂ ಮುಟ್ಟಿಸಿಲ್ಲ.

ಆದರೆ ಈ ಲೆಕ್ಕಾಚಾರ ಹಾಕುವುದು ಸಂಬಳ ಕೊಡುವ ಕಚೇರಿ. ದುಡ್ಡು ಖಾತೆಗೆ ಬಿದ್ದ ಮೇಲೆ ಯಾವ ನೋಟು ಸಂಬಳದ್ದು, ಯಾವುದು ಭಾವ ವಾಪಸ್ ಕೊಟ್ಟ ಕೈಸಾಲ ಅಂತ ನೋಡುವವರು ಯಾರು? ಪಿಂಚಣಿ, ಗ್ರಾಚುಟಿ ಕೈಗೆ ಬಂದ ಮೇಲೂ ಪಿಂಚಣಿ, ಗ್ರಾಚುಟಿಯೇ, ಅವುಗಳಿಗೆ ರಕ್ಷಣೆ ಮುಂದುವರಿಯುತ್ತದೆ ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಬಹಳ ಒಳ್ಳೆಯ ತೀರ್ಪು. ಬ್ಯಾಂಕಿನ ಸಾಫ್ಟ್‌ವೇರ್‌ಗೆ ತೀರ್ಪು ಓದುವ ಅಭ್ಯಾಸ ಇಲ್ಲ, ಅಷ್ಟೇ. ಹಾಗಾಗಿ ನಿವೃತ್ತ ಮೇಷ್ಟ್ರು ವಕೀಲರನ್ನು ಹಿಡಿದು, ಅರ್ಜಿ ಹಾಕಿ, ಇದು ಪಿಂಚಣಿಯೇ ಅಂತ ಸಾಬೀತು ಮಾಡಬೇಕು. ವಕೀಲರ ಫೀಸು ಎಲ್ಲಿದೆ? ಜಪ್ತಿಯಾದ ಖಾತೆಯಲ್ಲಿ.

ಜರ್ಮನಿಯಲ್ಲಿ 2010ರಿಂದ ಗ್ರಾಹಕ ಕೇಳಿದರೆ ಸಾಕು, ಅವನ ಖಾತೆಯನ್ನು ಬ್ಯಾಂಕು ಜಪ್ತಿ ರಕ್ಷಣೆಯ ಖಾತೆಯಾಗಿ ಬದಲಿಸಿಕೊಡಬೇಕು. ಪ್ರತಿ ತಿಂಗಳು ಇಂತಿಷ್ಟು ಮೊತ್ತ ತಾನಾಗಿಯೇ ಉಳಿಯುತ್ತದೆ. ಅಮೆರಿಕದಲ್ಲಿ 2011ರಿಂದ ಹಿಂದಿನ ಎರಡು ತಿಂಗಳಲ್ಲಿ ಬಂದ ಸರ್ಕಾರಿ ಪಿಂಚಣಿಯಂಥ ಹಣ ಎಷ್ಟು ಅಂತ ಬ್ಯಾಂಕೇ ನೋಡಿ, ಅಷ್ಟನ್ನು ಮುಟ್ಟದೆ ಬಿಡಬೇಕು. ಪಾಪ, ಅಲ್ಲಿನ ವಕೀಲರು ಹೊಟ್ಟೆಪಾಡಿಗೆ ಏನು ಮಾಡುತ್ತಾರೋ.

ನಮ್ಮಲ್ಲೂ ಅಂಥ ಸುಖ ಉಂಟು. ಆದರೆ ಅದಕ್ಕೆ ನೀವು ಕಂಪನಿ ಆಗಿ ಹುಟ್ಟಬೇಕು. 2016ರ ದಿವಾಳಿ ಸಂಹಿತೆಯಡಿ ಕಂಪನಿಯ ದಿವಾಳಿ ಅರ್ಜಿಯನ್ನು ನ್ಯಾಯಮಂಡಳಿ ಅಂಗೀಕರಿಸಿದರೆ ಮೊರಟೋರಿಯಂ ಶುರು. ದಾವೆ, ಡಿಕ್ರಿ, ಜಪ್ತಿ ಎಲ್ಲ ನಿಂತಲ್ಲೇ ನಿಲ್ಲಬೇಕು. ಸಾವಿರಾರು ಕೋಟಿ ಬಾಕಿ ಇಟ್ಟವರು ನೆಮ್ಮದಿಯಿಂದ ಉಸಿರಾಡಬೇಕಲ್ವಾ? ಮನುಷ್ಯರಿಗೂ ಆ ಸಂಹಿತೆಯಲ್ಲಿ ಒಂದು ಭಾಗ ಬರೆದಿಟ್ಟಿದ್ದಾರೆ. 2019ರ ಡಿಸೆಂಬರ್‌ನಲ್ಲಿ ಅದನ್ನು ಜಾರಿಗೂ ತಂದರು, ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗಾಗಿ. ಮಗಳ ಮದುವೆಗೋ ಆಸ್ಪತ್ರೆ ಬಿಲ್ಲಿಗೋ ಸಾಲ ಮಾಡಿದವರಿಗೆ 1920ರ ಬ್ರಿಟಿಷರ ದಿವಾಳಿ ಕಾಯ್ದೆಯೇ ಗತಿ. ಆತುರ ಬೇಡ. ಅದಕ್ಕೆ ನೂರು ವರ್ಷ ತುಂಬಿ ಇನ್ನೂ ಜಾಸ್ತಿ ದಿನ ಆಗಿಲ್ಲ.